ಧೂಳಿನ ದ್ವೀಪದಲ್ಲಿ ಗಿರೀಶ್ ಅಂಕಲ್ ಬರ್ತ್‌ಡೇ

ಆಗೆಲ್ಲ ಅಮೆರಿಕದ ನಮ್ಮ ಬಡಾವಣೆ ಫೋರ್ ಎಸ್ ರ್ಯಾಂಚ್‌ನಲ್ಲಿ ಬಿಸಿಲು ಎಷ್ಟಿರಬೇಕು, ಗಾಳಿ ಯಾವಾಗ ಬೀಸಬೇಕು ಅನ್ನುವುದನ್ನೂ ಗಿರೀಶ್ ಅಂಕಲ್ಲೇ ತೀರ್ಮಾನಿಸುತ್ತಿದ್ದರು. ಯಾವ ಕಾರು ಕೊಳ್ಳಬೇಕು, ಮಕ್ಕಳಿಗೆ ಪಿಯಾನೋ ಕಲಿಸಬೇಕೋ ವಯೊಲಿನ್ನೋ, ಹಿತ್ತಿಲಲ್ಲಿ ನಿಂಬೆಗಿಡ ಎಲ್ಲಿ ನೆಡಬೇಕು, ಎಲ್ಲಕ್ಕೂ ಅವರ ಅಪ್ಪಣೆಯಾಗಬೇಕು. ಸೊರೆಂಟೊ ವ್ಯಾಲಿಯ ಒಂದು ಚಿಪ್ ಕಂಪನಿಯಲ್ಲಿ ಅವರು ಡೈರೆಕ್ಟರ್. ನಮ್ಮಪ್ಪ ಅವರ ಟೀಮಿನಲ್ಲಿ ಇಂಜಿನಿಯರ್. ಇನ್ನೂ ಕೈಗೆ ಬಾರದ ನಮ್ಮ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿಸಿದ್ದು ಅವರೇ. ಅದನ್ನು ಅವರು ಮರೆಯುತ್ತಿರಲಿಲ್ಲ, ನಮಗೂ ಮರೆಯಲು ಬಿಡುತ್ತಿರಲಿಲ್ಲ.

ಪ್ರತಿ ಶನಿವಾರ ನಾಲ್ಕೈದು ಕನ್ನಡ ಕುಟುಂಬಗಳು ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಕೆಲವೊಮ್ಮೆ ಎರಡು ಗಂಟೆ ದಾರಿಯ ಸೆರಿಟೋಸ್‌ವರೆಗೂ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆವು. ಮಕ್ಕಳು ಮನೆ ಮುಂದಿನ ಸಿಮೆಂಟಿನ ಮೇಲೆ ಬಣ್ಣದ ಚಾಕ್‌ನಿಂದ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಗ್ರಿಲ್ ಮೇಲೆ ಜೋಳದ ತೆನೆ ಚಟಚಟ ಅನ್ನುತ್ತಿತ್ತು. ಅದಕ್ಕೆ ಖಾರದ ಪುಡಿ, ನಿಂಬೆಹುಳಿ. ಅವ್ವ ಬಾಗಲಕೋಟೆಯಿಂದ ತರಿಸಿದ ಶೇಂಗಾ ಚಟ್ನಿಯನ್ನು ಎಲ್ಲರೂ ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದರು. ತಿಂದ ಮೇಲೆ ಅವ್ವನ ಮಾತನ್ನು ಅಣಕಿಸಿ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಮನೆಯಲ್ಲಿ ಅವ್ವನ ಹಾಗೆಯೇ ಮಾತಾಡುವ ಅಪ್ಪ ಗಿರೀಶ್ ಅಂಕಲ್ ಎದುರಿಗೆ ಮಾತ್ರ ಅಚ್ಚ ಬೆಂಗಳೂರಿನವನಾಗಿಬಿಡುತ್ತಿದ್ದ. ಬಸವನಗುಡಿಯಲ್ಲೇ ಹುಟ್ಟಿದವನಂತೆ ‘ಹೌದಾ ಸಾರ್, ಸಕ್ಕತ್ತಾಗಿದೆ ಸಾರ್’ ಅನ್ನುತ್ತಿದ್ದ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಗಿರೀಶ್ ಅಂಕಲ್‌ಗೆ ಬರ್ತ್‌ಡೇ ಬಂತು. ಮನೆಯ ಹತ್ತಿರವೇ ಒಂದು ಸಮುದ್ರವಿತ್ತು. ಅದು ಅವರ ಘನತೆಗೆ ಸಾಲಲಿಲ್ಲ. ಎಲ್ಲರೂ ಕೆರಿಬಿಯನ್ನಿನ ಒಂದು ದ್ವೀಪಕ್ಕೆ ಹೋಗಬೇಕು, ಬಿಳಿ ಮರಳ ಮೇಲೆ ಕೇಕ್ ಕತ್ತರಿಸಬೇಕು ಎಂದು ಅಪ್ಪಣೆಯಾಯಿತು.

ಹೊರಡುವ ವಾರ ಟೀವಿಯಲ್ಲಿ ಆ ದ್ವೀಪಗಳ ಹವಾಮಾನ ಹೇಳಿದರು. ವಿಪರೀತ ಸೆಕೆ ಇರುತ್ತದೆ. ಆಫ್ರಿಕದ ಮರಳುಗಾಡಿನಿಂದ ಎದ್ದ ಧೂಳು ಸಾಗರ ದಾಟಿ ಬಂದು ಆಕಾಶವೆಲ್ಲ ಮಸುಕಾಗುತ್ತದೆ. ಉಸಿರಾಟದ ತೊಂದರೆ ಇರುವವರು ಹೊರಗೆ ಅಡ್ಡಾಡಬಾರದು. ನನ್ನ ತಮ್ಮ ವಿನೂಗೆ ಆಗ ಐದು ವರ್ಷ. ಹುಟ್ಟಿದಾಗಿನಿಂದ ಉಬ್ಬಸ. ಪಕ್ಕದ ಮನೆಯವರು ಹುಲ್ಲು ಕತ್ತರಿಸಿದರೂ ಅವನ ಎದೆ ಸುಯ್‌ಗುಟ್ಟುತ್ತಿತ್ತು.

ಆ ಶನಿವಾರ ಅವ್ವ ಧೈರ್ಯ ಮಾಡಿ ಬಾಯಿ ಬಿಟ್ಟಳು. “ಅಲ್ಲಿ ಭಾಳ ಧಗಿ ಐತಂತರೀ. ಧೂಳ ಮುಸುಕಿರತೈತಿ ಅಂತ ಟೀವಿಯೊಳಗ ಹೇಳಾಕತ್ತಾರ. ವಿನೂಗ ತ್ರಾಸ ಆಗತೈತಿ, ನಾವು ಈ ಸಲ ಬರೂದಿಲ್ಲರಿ.”

ಗಿರೀಶ್ ಅಂಕಲ್ ಜೋಳದ ತೆನೆಯನ್ನು ಬಾಯಿಂದ ತೆಗೆದರು. “ಸಮುದ್ರದ ಮಧ್ಯದಲ್ಲಿ ಧೂಳಾ? ರೀ ಸುಮಂಗಲಾ, ಟೀವಿಯೋರು ಹೆದರಿಸೋಕೆ ಏನೋ ಹೇಳ್ತಾರೆ. ಅದೂ ಅಲ್ಲದೆ, ಬಾಗಲಕೋಟೆ ಧೂಳು ಕುಡಿದು ಬೆಳೆದೋರು ನೀವು! ನಿಮಗ್ಯಾವ ಧೂಳು ರೀ?”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪ. “ಇವಳು ಹೀಗೇ ಸಾರ್. ನಾವು ಬರ್ತೀವಿ.”

ಹೋದೆವು.

ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ ಸಮುದ್ರವೇ ಕಾಣಲಿಲ್ಲ, ಕದಡಿದ ಹಾಲಿನಂಥದ್ದೇನೋ ಕಂಡಿತು. ಹೊರಗೆ ಬಂದರೆ ಒದ್ದೆ ಕಂಬಳಿ ಹೊದಿಸಿದಂಥ ಸೆಕೆ. ನಿಲ್ಲಿಸಿದ ಕಾರುಗಳ ಗಾಜಿನ ಮೇಲೆ ಕಂದು ಪುಡಿ. ಹೋಟೆಲಿನ ಬಾಲ್ಕನಿಯ ಕಟಕಟೆ ಮೇಲೆ ಬೆರಳಿಂದ ನನ್ನ ಹೆಸರು ಬರೆದೆ, ಸ್ಪಷ್ಟವಾಗಿ ಮೂಡಿತು. ನಡುಮಧ್ಯಾಹ್ನದ ಸೂರ್ಯನನ್ನು ಬರಿಗಣ್ಣಲ್ಲೇ ನೋಡಬಹುದಿತ್ತು. ಗಿರೀಶ್ ಅಂಕಲ್ ಕಪ್ಪು ಕನ್ನಡಕ ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದರು. “ಬೆಳಗಿನ ಮಂಜು. ಕ್ಲಿಯರ್ ಆಗುತ್ತೆ,” ಎಂದರು. ಊಟ ಮುಗಿಸಿ ಬಂದಿದ್ದ ಗಂಡಸರೆಲ್ಲ ಹೌದೆಂದು ತಲೆಯಾಡಿಸಿದರು. ಅಷ್ಟೂ ಜನ ಓದಿದವರು. ಒಬ್ಬನಿಗಾದರೂ ಕಣ್ಣು ಮೂಗು ಇತ್ತೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ.

ಮರುದಿನ ಸಂಜೆ ಬೀಚಿನಲ್ಲಿ ಮೇಜು ಹಾಕಿ ಕೇಕ್ ಇಟ್ಟರು. ಅದರ ಬಿಳಿ ಕ್ರೀಮು ನೋಡನೋಡುತ್ತಿದ್ದಂತೆ ಕರಗಿ ಜಾರತೊಡಗಿತು. ವಿನೂ ಮರಳಿನ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಗೆ ಊರಿ ಕೂತಿದ್ದ. ಇನ್ಹೇಲರ್ ಕೊಟ್ಟಾಗಿತ್ತು, ಪ್ರಯೋಜನವಾಗಿರಲಿಲ್ಲ. ಕತ್ತಿನ ಬುಡದ ಗುಳಿ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. ತುಟಿಯ ಬಣ್ಣ ಸರಿ ಇರಲಿಲ್ಲ.

“ರೀ, ಹುಡುಗನ್ನ ನೋಡ್ರಿ. ಡಾಕ್ಟರ್ ಹತ್ರ ಹೋಗೂಣು, ಏಳ್ರಿ,” ಅಂದಳು ಅವ್ವ.

ಅಪ್ಪನ ಕೈಯಲ್ಲಿ ಗಿರೀಶ್ ಅಂಕಲ್‌ರ ಕ್ಯಾಮೆರಾ. ಎಲ್ಲರ ಫೋಟೋ ತೆಗೆಯುವ ಕೆಲಸ ಅವನಿಗೆ ಬಿದ್ದಿತ್ತು. ಅವನು ವಿನೂನನ್ನು ನೋಡಿದ, ಗಿರೀಶ್ ಅಂಕಲ್‌ರನ್ನು ನೋಡಿದ.

“ಎರಡೇ ನಿಮಿಷ ಬಸವರಾಜ್,” ಅಂದರು ಅಂಕಲ್, ಚಾಕು ಎತ್ತಿ ಹಿಡಿದು. “ಬೆಳಕು ಹೋಗ್ತಾ ಇದೆ. ಫೋಟೋ ಆದ್ಮೇಲೆ ಎಲ್ಲಾರೂ ಹೋಗೋಣ.”

ಹೋಗುವುದಕ್ಕೆ ಅಲ್ಲಿ ಬೆಳಕೇ ಇರಲಿಲ್ಲ. ಆದರೂ ಅಪ್ಪ ಕ್ಯಾಮೆರಾ ಕಣ್ಣಿಗೆ ಹಿಡಿದ.

ಅವ್ವ ಮತ್ತೆ ಕೇಳಲಿಲ್ಲ. ವಿನೂನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ನಡೆದೇಬಿಟ್ಟಳು. ಚಪ್ಪಲಿ ಮರಳಲ್ಲೇ ಉಳಿದವು. ಹಿಂದಿನಿಂದ ಹ್ಯಾಪಿ ಬರ್ತ್‌ಡೇ ಹಾಡು ಕೇಳುತ್ತಿತ್ತು. ಹೋಟೆಲಿನ ಕೌಂಟರಿನ ಹುಡುಗಿ ವಿನೂನ ಮುಖ ನೋಡಿದವಳೇ ಟ್ಯಾಕ್ಸಿ ಕರೆದಳು. ಇಂಗ್ಲಿಷ್ ಮಾತಾಡಲು ಹಿಂಜರಿಯುತ್ತಿದ್ದ ಅವ್ವ ಅವತ್ತು ಡ್ರೈವರಿಗೆ ‘ಫಾಸ್ಟ್, ಫಾಸ್ಟ್’ ಎಂದು ಬಡಬಡಿಸುತ್ತಲೇ ಇದ್ದಳು.

ಆಸ್ಪತ್ರೆಯ ಸಾಲು ಬೆಂಚಿನ ತುಂಬ ಆ ಊರಿನವರ ಮಕ್ಕಳೇ. ಎಲ್ಲರ ಮುಖಕ್ಕೂ ಔಷಧಿಯ ಹೊಗೆಯಾಡುವ ಮಾಸ್ಕು. ಧೂಳಿನ ದಿನಗಳಲ್ಲಿ ಮಕ್ಕಳನ್ನು ಯಾಕಮ್ಮಾ ಬೀಚಿಗೆ ಕರೆದೊಯ್ಯುತ್ತೀರಿ ಎಂದು ನರ್ಸು ಗದರಿದಳು. ಅವ್ವ ವಿನೂನ ಮುಖಕ್ಕೆ ಮಾಸ್ಕು ಒತ್ತಿ ಹಿಡಿದಳು. ಔಷಧಿ ಒಳಹೋಗುತ್ತ ಹೋಗುತ್ತ ವಿನೂನ ಎದೆಯ ಸಪ್ಪಳ ಇಳಿಯಿತು. ತುಟಿ ಕೆಂಪಗಾಯಿತು.

ಆಗ ಬಂದ ಅಪ್ಪ. ಕೈಯಲ್ಲಿ ಪೇಪರ್ ತಟ್ಟೆ, ಅದರ ಮೇಲೆ ಅಂಕಲ್ ಮನೆಯವರು ಕಳಿಸಿದ ಕೇಕಿನ ತುಂಡು. ಅವ್ವ ತಟ್ಟೆ ನೋಡಿದಳು, ಅವನ ಮುಖ ನೋಡಿದಳು.

“ಫೋಟೋ ಚಲೋ ಬಂತೇನ್ರಿ?”

ಅಷ್ಟೇ ಕೇಳಿದ್ದು. ಅಪ್ಪ ಕೇಕನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದ.

ಇಷ್ಟಕ್ಕೇ ಮುಗಿದಿದ್ದರೆ ಅಪ್ಪ ಭಯದಲ್ಲಿ ತಪ್ಪು ಮಾಡಿದ ಎಂದು ಬಿಟ್ಟುಬಿಡಬಹುದಿತ್ತು. ಮುಂದಿನ ತಿಂಗಳು ಸೆರಿಟೋಸ್‌ನಲ್ಲಿ ಒಬ್ಬರ ಮನೆಯಲ್ಲಿ ದೊಡ್ಡ ಕೂಟ. ಗಿರೀಶ್ ಅಂಕಲ್ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿಸಿ ದ್ವೀಪದ ಫೋಟೋಗಳನ್ನು ಪ್ರೊಜೆಕ್ಟರಿನಲ್ಲಿ ಹಾಕಿದರು. ನಾನು ಬಿಸಿಬೇಳೆಭಾತಿನ ತಟ್ಟೆ ಹಿಡಿದು ನೆಲದ ಮೇಲೆ ಕೂತಿದ್ದೆ. ಗೋಡೆಯ ಮೇಲೆ ಆಕಾಶ ನೀಲಿಯಾಗಿತ್ತು. ಅದೆಂಥ ನೀಲಿ! ಹೊಸದಾಗಿ ಬಣ್ಣ ಬಳಿದ ಈಜುಕೊಳದ ನೀಲಿ. ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಫೋಟೋಗೆ ಆಕಾಶ ಬಳಿದಿದ್ದರು ಮಹಾನುಭಾವರು. ಅವರ ಮಗನ ಕಿವಿಯ ತುದಿಯೂ ಸ್ವಲ್ಪ ನೀಲಿಯಾಗಿತ್ತು.

“ಏನ್ ವೆದರ್ ಸಾರ್!” ಎಂದರು ಯಾರೋ.

“ಆದ್ರೆ ಕೆಲವರು ಟೀವಿ ನೋಡ್ಕೊಂಡು ಹೆದರಿದ್ರು,” ಅಂದರು ಅಂಕಲ್. ಅವ್ವನ ಕಡೆ ತಿರುಗಲೂ ಇಲ್ಲ.

ನನಗೆ ತಡೆಯಲಾಗಲಿಲ್ಲ. “ಆಕಾಶ ಹಿಂಗ ಇರ್ಲಿಲ್ಲ. ಕಂದು ಇತ್ತು. ವಿನೂನ್ನ ಆಸ್ಪತ್ರೆಗೆ ಹಾಕಿದ್ವಿ.”

ಗಿರೀಶ್ ಅಂಕಲ್ ನಗುತ್ತ ಅಪ್ಪನ ಕಡೆ ನೋಡಿದರು. “ಏನಪ್ಪಾ ಬಸವರಾಜ್, ನಿನ್ ಮಗಳು ಏನೋ ಹೇಳ್ತಿದಾಳೆ?”

ಅಪ್ಪ ನನ್ನನ್ನು ಯಾವಾಗಲೂ ‘ಅವ್ವಿ’ ಅನ್ನುತ್ತಿದ್ದ. ಅವತ್ತು, “ಸುಮ್ನೆ ಇರು ಪುಟ್ಟಿ,” ಅಂದ. “ಸ್ವಲ್ಪ ಮೋಡ ಇತ್ತು ಸಾರ್, ಅಷ್ಟೇ. ಮಕ್ಕಳು.”

ಅವ್ವ ಎದ್ದು, ತಟ್ಟೆ ತೊಳೆದಿಟ್ಟು, ವಿನೂಗೆ ಶೂ ಹಾಕಿದಳು. ಮತ್ತೆಂದೂ ಆ ಶನಿವಾರಗಳಿಗೆ ಬರಲಿಲ್ಲ. ನಮ್ಮನ್ನೂ ಕಳಿಸಲಿಲ್ಲ. ಅಪ್ಪ ಕೆಲವು ತಿಂಗಳು ಒಬ್ಬನೇ ಹೋದ. ಆಮೇಲೆ ಗ್ರೀನ್ ಕಾರ್ಡ್ ಬಂತು. ಅಪ್ಪ ಕಂಪನಿ ಬದಲಾಯಿಸಿದ. ಅವನೂ ಹೋಗುವುದನ್ನು ಬಿಟ್ಟ. ಗಿರೀಶ್ ಅಂಕಲ್ ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಎಲ್ಲಿದ್ದರೂ ಅಲ್ಲಿನ ಆಕಾಶ ನೀಲಿಯಾಗಿಯೇ ಇರುತ್ತದೆ ಬಿಡಿ.

ಬಾಲ್ಯ ನೆನೆಸಿಕೊಂಡು ಕಣ್ಣು ಒದ್ದೆ ಮಾಡಿಕೊಳ್ಳುವವರ ಸಾಲಿಗೆ ನಾನು ಸೇರಿದವಳಲ್ಲ. ಆ ಜನ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಆದರೆ ಆ ಜನರ ಜೊತೆಗೆ ನಮ್ಮ ಮನೆಯ ಕನ್ನಡವೂ ಹೋಯಿತು. ಕುಂಟೆಬಿಲ್ಲೆಯ ಜಗಳ, ಒಗಟು, ಬೈಗುಳ ಎಲ್ಲ ನನಗೆ ಬಂದದ್ದು ಆ ಶನಿವಾರಗಳಿಂದಲೇ. ವಿನೂನ ಪಾಲಿಗೆ ಅವು ಸಿಗಲಿಲ್ಲ. ಅವ್ವ, ಅಪ್ಪ ಒಬ್ಬರೊಡನೊಬ್ಬರು ಮಾತು ಕಡಿಮೆ ಮಾಡಿದ್ದರು. ಇದ್ದ ಮಾತಿನಿಂದಲೇ ಅವನು ಕಲಿತ.

ಹೋದ ವರ್ಷ ವಿನೂ ತಾನು ಮದುವೆಯಾಗುವ ಹುಡುಗಿಯನ್ನು ಊಟಕ್ಕೆ ಕರೆತಂದಿದ್ದ. ಅಮೆರಿಕದವಳು, ಒಳ್ಳೆಯವಳು. ನಿನ್ನ ಭಾಷೆಯಲ್ಲಿ ಏನಾದರೂ ಹೇಳು ಎಂದು ಅವನನ್ನು ಪೀಡಿಸಿದಳು. ವಿನೂ ಸ್ವಲ್ಪ ಯೋಚಿಸಿ, ಒಂದು ಅಕ್ಷರವೂ ತಪ್ಪದೆ, ಅವ್ವನದೇ ದನಿಯಲ್ಲಿ ಹೇಳಿದ: “ಸಾಕು ಬಿಡ್ರಿ. ನಿಮ್ಮ ಜೋಡಿ ಏನ್ ಮಾತು. ಊಟಕ್ಕ ಬರ್ರಿ.”

ಎಷ್ಟು ಇಂಪಾಗಿದೆ ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.