ಸುಮಾರು ಅರವತ್ತು ಎಲೆ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕಂಪ್ಯೂಟರ್ ಭಾಷೆಗಳ ಬಗ್ಗೆ ಬರೆಯುವ ಧೈರ್ಯ ಬಂದಿದೆ, ಏಕೆಂದರೆ ನನ್ನ ಮೊಮ್ಮಗಳು ಒಂದು ಭಾಷೆಯ ಪ್ರೋಗ್ರಾಮನ್ನು ಇನ್ನೊಂದಕ್ಕೆ ಅನುವಾದಿಸಿದ್ದಾಳೆ. ಕುಂಬಾರಕೊಪ್ಪಲಿನಲ್ಲಿ ಈ ಸುದ್ದಿ ಯಾರಿಗಾದರೂ ಗೊತ್ತಿಲ್ಲದಿದ್ದರೆ ಅದು ನನ್ನ ತಪ್ಪಲ್ಲ, ಅವರು ಊರಲ್ಲಿರಲಿಲ್ಲ ಅಷ್ಟೆ.

ನಮ್ಮದು ಮದುವೆ ಅಡುಗೆಯ ಕಂಟ್ರಾಕ್ಟು. ಎಷ್ಟು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಬಾಳೆಎಲೆ ಎಂದು ಹೇಳುವ ಪ್ರೋಗ್ರಾಮನ್ನು ನನ್ನ ಮಗ, ಅಂದರೆ ಅವಳ ಅಪ್ಪ, ಇಂಜಿನಿಯರಿಂಗ್ ಓದುವಾಗ ಬರೆದಿದ್ದ. ಆ ಬ್ರಹ್ಮಲಿಪಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಅದು ಮೊಬೈಲಿನಲ್ಲಿ ಓಡುವುದಿಲ್ಲವೆಂದು ಮೊಮ್ಮಗಳು ಹೊಸ ಭಾಷೆಗೆ ತಿರುಗಿಸಲು ಕೂತಳು.

"ಇದ್ದದ್ದನ್ನ ಇದ್ದಂಗೇ ಇಳಿಸು. ಇಲವಾಲದ ಮದ್ವೆ ಆರ್ಡರ್ ಹೊತ್ಗೆ ಸರಿಹೋಗ್ದಿದ್ರೆ ಹಳೇದೇ ಇರ್ಲಿ, ಇನ್ಮೇಲೆ ಮುಟ್ಬೇಡ," ಎಂದು ಮಗನ ಅಪ್ಪಣೆಯಾಯಿತು.

ಇದ್ದಂತೆಯೇ ಇಳಿಸಿದಳು. ತಿಂಡಿಗೆ ನಲವತ್ತು, ಊಟಕ್ಕೆ ಮುನ್ನೂರು ಎಂದು ಒತ್ತಿದರೆ, ನಲವತ್ತು ಸಾವಿರದ ಮುನ್ನೂರು ಎಲೆ ಬೇಕೆಂದಿತು.

"ಪರ್ವಾಗಿಲ್ಲ ಕಣಮ್ಮ, ಇಡೀ ಮೈಸೂರ್ನೇ ಊಟಕ್ಕೆ ಕರ್ದುಬುಟ್ಟಿದ್ದೀಯ!" ಎಂದು ಮಗ ನಕ್ಕ.

ಮೊಮ್ಮಗಳು ಅಳಲಿಲ್ಲ. ಸಾಲು ಸಾಲು ಬಿಡಿಸಿ ನೋಡಿ ನನಗೆ ಹೇಳಿದಳು: "ಅಜ್ಜಿ, ನಾವು ಒತ್ತಿದ್ದು ಅಕ್ಷರವಾಗಿ ಒಳಗೆ ಹೋಗತ್ತೆ. ಕೂಡು ಅಂದ್ರೆ ಹಳೇ ಭಾಷೆ ಕೇಳ್ದೇನೇ ಅದನ್ನ ಸಂಖ್ಯೆ ಮಾಡ್ಕೊಂಡ್ಬುಡತ್ತೆ. ಹೊಸದು ಎರಡನ್ನೂ ಪಕ್ಕಪಕ್ಕ ಅಂಟಿಸ್ತು. ಹೇಳ್ದೇ ಮಾಡೋ ಕೆಲ್ಸ, ಬರ್ದಿರೋದ್ರಲ್ಲಿ ಕಾಣೋದೇ ಇಲ್ಲ."

ನನಗೆ ತಕ್ಷಣ ಅರ್ಥವಾಯಿತು. ಈ ಮನೆಯಲ್ಲಿ ಹೇಳದೇ ಆಗುವ ಕೆಲಸವನ್ನೆಲ್ಲ ಮಾಡಿದವಳು ನಾನೇ, ಅದೂ ಯಾರಿಗೂ ಕಂಡಿಲ್ಲ.

ಎಲ್ಲೆಲ್ಲಿ ಕೂಡುತ್ತದೋ ಅಲ್ಲಿ ಮೊದಲು ಸಂಖ್ಯೆ ಮಾಡಿಕೋ, ಆಗದಿದ್ದರೆ ಕೇಳು ಎಂದು ಮೊಮ್ಮಗಳು ಹೊಸದರಲ್ಲಿ ಬರೆದಳು. ಪರೀಕ್ಷಿಸಲು ಸಾಕ್ಷಾತ್ ಮಗನೇ ಕೂತ. ಹೋದ ವರ್ಷದ ಲಷ್ಕರ್ ಮೊಹಲ್ಲಾದ ಗೃಹಪ್ರವೇಶದ ಆರ್ಡರನ್ನೇ ಹಾಕಿದ. ಬರುವ ಜನರನ್ನು ಖಡಾಖಂಡಿತ ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆಂದು ಕೆಲವರು 'ಸುಮಾರು' ಸೇರಿಸಿಯೇ ಹೇಳುತ್ತಾರೆ. ಅವರು ಹೇಳಿದಂತೆಯೇ ಬರೆದುಕೊಳ್ಳುವುದು ನಮ್ಮ ಪದ್ಧತಿ. ತಿಂಡಿಗೆ 'ಸುಮಾರು 60', ಊಟಕ್ಕೆ 200.

'ಇದು ಸಂಖ್ಯೆಯಲ್ಲ, ಅಂಕಿ ಮಾತ್ರ ಬರೆಯಿರಿ' ಎಂದಿತು ಹೊಸದು.

"ನೋಡ್ದಾ! ನಂದು ಒಂದಿನಾನೂ ಹಿಂಗೆ ಎದುರು ಮಾತಾಡಿಲ್ಲ!"

"ಹಂಗಾದ್ರೆ ನಿಂದನ್ನೇ ಕೇಳಣ ಬಾಪ್ಪ," ಎಂದು ಅವಳು ಹಳೆಯದರಲ್ಲೂ ಅದನ್ನೇ ಒತ್ತಿದಳು. ಬಂದದ್ದು ಇನ್ನೂರು. "ಮುಂದೆ ಅಕ್ಷರ ಇದ್ರೆ ಇದು ಸೊನ್ನೆ ಅಂದ್ಕೊಳತ್ತೆ ಅಪ್ಪ. ತಿಂಡಿಗೆ ಎಲೇನೇ ಲೆಕ್ಕ ಹಾಕಿಲ್ಲ."

ಆ ಗೃಹಪ್ರವೇಶದಲ್ಲಿ ಕೊನೆಯ ಪಂಕ್ತಿಯವರು ಕಾಗದದ ತಟ್ಟೆಯಲ್ಲಿ ಉಂಡಿದ್ದರು. ನೀನೇ ಎಲೆ ಕಮ್ಮಿ ಕೊಟ್ಟೆ ಎಂದು ಮಗ ಎಲೆಯವನಿಗೆ ಮಾರ್ಕೆಟ್ಟಿನಲ್ಲಿ ಎಲ್ಲರೆದುರು ಬೈದು, ಅವನ ಹತ್ತಿರ ಕೊಳ್ಳುವುದನ್ನೇ ಬಿಟ್ಟಿದ್ದ.

"ಎಂಥಾ ವಿನಯ ಕಣೋ ನಿನ್ನ ಪ್ರೋಗ್ರಾಮಿಗೆ! ತಪ್ಪು ಮಾಡಿದ್ರೂ ಎದುರು ಮಾತಾಡ್ಲಿಲ್ಲ," ಎಂದೆ.

"ಅಮ್ಮ, ನೀನು ಸುಮ್ನಿರಮ್ಮ."

ಅವನು ಹೊಸದರಲ್ಲಿ 'ಸುಮಾರು' ಅಳಿಸಿ ಬರೀ ಅರವತ್ತು ಒತ್ತಿದ. ಇನ್ನೂರ ಅರವತ್ತು ಬಂತು. ಮಗಳ ಮುಖ ನೋಡದೆಯೇ, "ಇಲವಾಲದ್ದೂ ಇದ್ರಲ್ಲೇ ಹಾಕ್ಬುಡು," ಎಂದು ಸ್ಕೂಟರಿನ ಕೀಲಿ ತೆಗೆದುಕೊಂಡ.

"ಎಲ್ಲಿಗಪ್ಪ?"

"ಎಲೆಯವನ ಹತ್ರ."

ನಾನೂ ಹಿಂದೆ ಹತ್ತಿ ಕೂತೆ. ತಪ್ಪು ಹಿಡಿದದ್ದು ಯಾರೆಂದು ಮಾರ್ಕೆಟ್ಟಿನಲ್ಲಿ ಹೇಳಲು ಒಬ್ಬರಾದರೂ ಬೇಕಲ್ಲ.