ಅಲ್ಲಾಡುವ ಕುರ್ಚಿ
ನಮ್ಮಜ್ಜ ಬಡಗಿ; ಅವರ ಪ್ರಕಾರ ದೇವರೂ ಬಡಗಿಯೇ, ಅನುಭವ ಕೊಂಚ ಜಾಸ್ತಿ ಅಷ್ಟೇ. ಅದಕ್ಕೇ ಅವನನ್ನು ‘ದೊಡ್ಡ ಮೇಸ್ತ್ರಿ’ ಎನ್ನುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೂ ಅವರ ಕಿವಿಯ ಮೇಲಿನ ಪೆನ್ಸಿಲ್ ಇಳಿಯುತ್ತಿರಲಿಲ್ಲ. ನಡುವೆ ಎಲ್ಲಾದರೂ ಬಾಗಿಲು ಕಿರ್ರೆಂದರೆ, "ಒಂದ್ನಿಮಿಷ ಇರಪ್ಪಾ, ಬಂದೆ" ಎಂದು ದೇವರನ್ನು ಕಾಯಲು ಬಿಟ್ಟು, ಬಾಗಿಲಿಗೆ ಎಣ್ಣೆ ಹಾಕಿ ಬಂದು, ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸುತ್ತಿದ್ದರು. ಚಿಕ್ಕಪ್ಪನ ಸೊಟ್ಟ ಮೂಗನ್ನು ಯಾರಾದರೂ ಆಡಿಕೊಂಡರೆ, "ಆವತ್ತು ಮೇಸ್ತ್ರಿಗೆ ಏನೋ ಅರ್ಜೆಂಟಿತ್ತು, ಬಿಡಿ, ಮರ ಮಾತ್ರ ಒಳ್ಳೇದು" ಎಂದು ಇಬ್ಬರ ಮಾನವನ್ನೂ ಉಳಿಸುತ್ತಿದ್ದರು. ಮನೆಗೆ ಮಗು ಬಂದರೂ ಸೊಸೆ ಬಂದರೂ ಅವರಿಗೆಂದೇ ಒಂದು ಕುರ್ಚಿ ತಯಾರಾಗುತ್ತಿತ್ತು. ಊಟದ ಕೋಣೆಯಲ್ಲಿ ಅಜ್ಜಿ ಅಡ್ಡಡ್ಡ ನಡೆದೇ ಬಡಿಸಬೇಕಿತ್ತು. ಬೆಳಗಾದರೆ ಸಾಕು, ಅಜ್ಜ ಒಂದೊಂದೇ ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಏನೋ ಗೊಣಗಿ ಮುಂದಕ್ಕೆ ಹೋಗುವರು. "ಗಟ್ಟಿಯಾಗೇ ಇದ್ಯಲ್ಲ ಅಜ್ಜ, ಇನ್ನೇನ್ ನೋಡ್ತೀರಿ?" ಎಂದು ನಾವು ರೇಗಿಸಿದರೆ ಸುಮ್ಮನೆ ನಗುವರು. ಅಜ್ಜಿಯೇ ಒಮ್ಮೆ ಬಾಯಿಬಿಟ್ಟರು: "ಯಾರ ಕುರ್ಚಿ ಹಿಡೀತಾರೋ ಅವರಿಗೋಸ್ಕರ ಬೇಡ್ಕೋತಾರೆ ಕಣ್ರೋ." ತಮ್ಮ ಕುರ್ಚಿಯನ್ನು ಮಾತ್ರ ಅಜ್ಜ ಮುಟ್ಟುತ್ತಿರಲಿಲ್ಲ. ಇಡೀ ಮನೆಯಲ್ಲಿ ಲಟಲಟ ಎನ್ನುತ್ತಿದ್ದದ್ದು ಅದೊಂದೇ. ಕೇಳಿದರೆ, "ಅದನ್ನ ಮೇಸ್ತ್ರಿ ನೋಡ್ಕೋತಾನೆ" ಎನ್ನುವರು. ತುಂಬು ಬಾಳು ಬಾಳಿ ಅಜ್ಜ ಹೋದ ಮೇಲೆ ಚಿಕ್ಕಪ್ಪ ಆ ಕುರ್ಚಿಯನ್ನು ಬಿಗಿ ಮಾಡಲು ಸುತ್ತಿಗೆ ತಂದಾಗ ಅಜ್ಜಿ ತಡೆದರು. "ಬೇಡ, ಅದು ಹಾಗೇ ಇರ್ಲಿ. ಅವರು ಕೆಲಸಕ್ಕೆ ಹೋದ್ಮೇಲೆ ದಿನಾ ಅದನ್ನ ಅಲ್ಲಾಡಿಸ್ತಿದ್ದೋಳು ನಾನೇ. ನಾನೇನು ಬಡಗಿನಾ, ಸ್ವಲ್ಪ ಜೋರಾಗೇ ಅಲ್ಲಾಡಿಸ್ಬಿಟ್ಟೆ."