ಶಾಂತಾ ಒತ್ತದ ಗುಂಡಿ

ಕೈಗವಸು ಹಾಕುವ ಮೊದಲು ಶಾಂತಾ ಗೇಟಿನ ಬಳಿಯ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಒಳಗೆ ಹೋಗಿ ನಿಲ್ಲಬೇಕಾದದ್ದು ಮಾತ್ರ ಸೂರತ್‌ನ ಹಸಿ ಕಸ, ಒಣ ಕಸ ಎರಡೂ ಕಲಸಿಕೊಂಡು ಹರಿದುಬರುವ ಬೆಲ್ಟಿನ ಪಕ್ಕದಲ್ಲಿ.

"ಅಕ್ಕಾ ಗುಡಿಗೆ ಹೊಂಟಾಳ, ದಾರಿ ಬಿಡ್ರಿ!" ಎಂದು ಇಂದಿರಾ ನಗುತ್ತಿದ್ದಳು.

ಇಂದಿರಾ ಸಿಂದಗಿ ಕಡೆಯವಳು. ಗಂಡನ ಬೆರಳುಗಳು ಮಗ್ಗಕ್ಕೆ ಸಿಕ್ಕಿ ಹೋದ ಮೇಲೆ ಆ ಮನೆಯಲ್ಲಿ ದುಡಿಯುವವಳು ಇವಳೊಬ್ಬಳೇ. ಶಾಂತಾ ಕುಂದಾಪುರದವಳು. ಅವಳ ಗಂಡ ಇದೇ ಊರಿನ ಕತಾರ್‌ಗಾಮ್‌ನ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. ಅವನು ತೀರಿಕೊಂಡ ವಾರಕ್ಕೇ ಕಾವಲಿಯ ಮುಂದೆ ಇನ್ನೊಬ್ಬ ಬಂದು ನಿಂತ. ಇವಳು ಕಸಕ್ಕೆ ಬಂದಳು.

ಬೆಲ್ಟಿನ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು. ದೇವರ ಚಿತ್ರವಿರುವ ಊದುಬತ್ತಿ ಪೊಟ್ಟಣ, ಲಗ್ನಪತ್ರಿಕೆ, ಹಳೆಯ ಕ್ಯಾಲೆಂಡರು ಕಂಡರೆ ರಾಶಿಗೆ ಎಸೆಯುತ್ತಿರಲಿಲ್ಲ. ನೀಲಿ ಡ್ರಮ್ಮಿನಲ್ಲಿ ಕೂಡಿಟ್ಟು, ತಾಪಿ ನದಿಯ ದಡದಲ್ಲಿ ಪೂಜೆಯ ಸಾಮಾನಿಗೆಂದೇ ಇರುವ ತೊಟ್ಟಿಗೆ ಹಾಕಿ ಬರುತ್ತಿದ್ದರು.

ಒಂದು ದಿನ ಬೆಲ್ಟಿನ ಮೇಲ್ಗಡೆ ಕ್ಯಾಮೆರಾ ಕೂತಿತು. ತಂದವನು ವಿನಯ್, ಅದೇ ಹೋಟೆಲಿನ ಯಜಮಾನರ ಮಗ. ಇಲ್ಲೇ ಬೆಳೆದ ಎಂಜಿನಿಯರ್, ಕನ್ನಡ ಕುಂಟುತ್ತಿತ್ತು. "ಆಂಟಿ, ನಿಮ್ಮ ಕೈಗೆ ಎಲ್ಲಾ ಗೊತ್ತುಂಟು. ಮಶೀನ್‌ಗೆ ನೀವೇ ಟೀಚರ್," ಎಂದ.

ಫ್ಯಾನಿನ ಕೆಳಗೆ ಕುರ್ಚಿ. ಪರದೆಯ ಮೇಲೆ ಕಸದ ಫೋಟೋಗಳು ಒಂದೊಂದಾಗಿ ಬರುತ್ತಿದ್ದವು. ಅವಳಿಗಾಗಿ ವಿನಯ್ ಕನ್ನಡದಲ್ಲೇ ಗುಂಡಿಗಳನ್ನು ಮಾಡಿಸಿದ್ದ: ಪ್ಲಾಸ್ಟಿಕ್, ಕಾಗದ, ಬಟ್ಟೆ, ಉರಿಸಲು, ಬಿಡಿ. ಬೇರೆ ಯಾವುದಕ್ಕೂ ಬಾರದ ಹೊಳೆಯುವ ಪೊಟ್ಟಣಗಳು 'ಉರಿಸಲು', ಸಿಮೆಂಟ್ ಕಾರ್ಖಾನೆಯ ಒಲೆಗೆ. 'ಬಿಡಿ' ಎಂದರೆ ಯಾರೂ ಮುಟ್ಟಬಾರದು, ಮುಂದಕ್ಕೆ ಹೋಗಲಿ. ಸಾವಿರಾರು ಸಲ ಒತ್ತಿದರೆ ಯಂತ್ರ ತಾನೇ ಕಲಿಯುತ್ತದಂತೆ.

ಮೂರನೆಯ ದಿನ ಊದುಬತ್ತಿ ಪೊಟ್ಟಣವೊಂದರ ಮೇಲೆ ಲಕ್ಷ್ಮಿ ಬಂದಳು. ಒತ್ತಬೇಕಾದದ್ದು 'ಉರಿಸಲು'. ಆ ಮುಖದ ಮೇಲೆ ಅದನ್ನು ಒತ್ತಲು ಶಾಂತಾಳಿಗೆ ಬೆರಳೇ ಬರಲಿಲ್ಲ. 'ಬಿಡಿ' ಒತ್ತಿದಳು. ನಾಲ್ಕು ತಿಂಗಳು ಬಂದ ದೇವರನ್ನೆಲ್ಲ ಹಾಗೇ ದಾಟಿಸಿದಳು. ಯಾರಿಗೂ ಹೇಳಲಿಲ್ಲ. ಇಷ್ಟು ದೇವರನ್ನು ಬೆಂಕಿಯಿಂದ ಉಳಿಸಿದೆನೆಂದು ಒಳಗೊಳಗೇ ಸಂತೋಷಪಟ್ಟಿದ್ದಳು.

ದೀಪಾವಳಿ ಕಳೆದು ಯಂತ್ರ ಶುರುವಾಯಿತು. ಅದು ಕಸದ ಜೊತೆ ಕೈಗಳನ್ನೂ ನೋಡುತ್ತಿತ್ತು. ಯಾರು ಎಷ್ಟು ತಪ್ಪು ಆರಿಸಿದರೆಂದು ಸಂಜೆ ಊಟದ ಕೋಣೆಯ ಟಿ.ವಿ.ಯಲ್ಲಿ ಹೆಸರುಗಳು ಸಾಲಾಗಿ ಬರುತ್ತಿದ್ದವು. ತಿಂಗಳ ಕೊನೆಗೆ ತಳದ ನಾಲ್ವರು ಮನೆಗೆ.

ಎಲ್ಲರಿಗಿಂತ ಚುರುಕಾದ ಇಂದಿರಾ ತಳಕ್ಕೆ ಬಿದ್ದಳು. "ಕ್ಯಾಮೆರಾಕ್ಕ ನನ್ ಮ್ಯಾಲ ಸಿಟ್ಟೈತಿ. ಪೌಡರ್ ಹಚ್ಕೊಂಡು ಬರ್ಲೇನ?" ಎಂದು ಮೊದಲ ವಾರ ನಕ್ಕಳು. ಮೂರನೆಯ ವಾರ ಜ್ವರದಲ್ಲೂ ಬಂದು ಎರಡರಷ್ಟು ಆರಿಸಿದಳು. ಆರಿಸಿದಷ್ಟೂ ಹೆಸರು ಕೆಳಗಿಳಿಯಿತು.

ತಿಂಗಳ ಕೊನೆಯ ದಿನ ಶಾಂತಾ ಟಿ.ವಿ.ಯ ಹತ್ತಿರ ಹೋಗಿ ಇಂದಿರಾಳ ತಪ್ಪುಗಳ ಫೋಟೋ ನೋಡಿದಳು. ಚಹಾಪುಡಿ ಪೊಟ್ಟಣ, ಪಾನ್ ಮಸಾಲಾ, ಚಿಪ್ಸ್. ಒಂದರಲ್ಲೂ ದೇವರಿಲ್ಲ. ಎಲ್ಲವೂ ಕೆಂಪು, ಬಂಗಾರದ ಬಣ್ಣ, ಹೊಳಪು. ಯಂತ್ರ ದೇವರನ್ನು ಕಲಿತಿರಲಿಲ್ಲ, ಬಣ್ಣವನ್ನು ಕಲಿತಿತ್ತು: ಆ ಬಣ್ಣ ಕಂಡರೆ 'ಬಿಡಿ', ಎತ್ತಿಕೊಂಡವರದು ತಪ್ಪು. ಒಲೆಯ ರಾಶಿ ಆರಿಸುವ ನಾಲ್ವರೇ ತಳದ ನಾಲ್ವರು.

ಅವಳು ನೇರ ವಿನಯ್ ಬಳಿ ಹೋಗಿ ಎಲ್ಲ ಹೇಳಿದಳು. ಅವನ ಮುಖ ಅರಳಿತು.

"ಅರೇ! ಹದಿನೈದು ದಿನದಿಂದ ಹುಡುಕ್ತಾ ಇದ್ದೆ ಇದನ್ನೇ!"

"ತಪ್ಪುಂಟು ಅಂತ ಗೊತ್ತಿತ್ತಾ ನಿಂಗೆ?"

"ಏನೋ ಗಡ್‌ಬಡ್ ಉಂಟು ಅಂತ ಗೊತ್ತಿತ್ತು. ಲಿಸ್ಟ್ ಮೇಲಿನವರಿಗೆ ಹೋಗಿ ಆಯ್ತು ಆಂಟಿ. ನಾಲ್ಕು ಜನ ಕಮ್ಮಿ ಆಗ್ಲೇಬೇಕಿತ್ತು, ಯಾರಾದ್ರೇನು?"

"ತಪ್ಪು ನಂದು ಅಂತ ಬರಿ. ನನ್ನನ್ನು ತೆಗಿ, ಅವಳನ್ನು ಇಟ್ಕೊ."

"ಮೊದ್ಲು ಫೋಟೋ ಎಲ್ಲಾ ಸರಿ ಮಾಡಿ ಕೊಡಿ. ಮತ್ತೆ ನೋಡುವ."

ಗೇಟಿನಲ್ಲಿ ಇಂದಿರಾ ಕೈಗವಸು ಒಪ್ಪಿಸುತ್ತಿದ್ದಳು. ಶಾಂತಾ ಏನನ್ನೂ ಮುಚ್ಚಿಡದೆ ಹೇಳಿದಳು. ಇಂದಿರಾ ಕೈಗವಸು ಹಿಡಿದೇ ಅವಳ ಕಡೆ ತಿರುಗಿದಳು.

"ಆ ಗುಂಡಿ ಒತ್ತಿದ್ರ ನಿನ್ ಬೆರಳು ಸುಡ್ತಿತ್ತೇನ? ಈಗ ನನ್ ಮನಿ ಒಲಿ ಆರ್ತು. ಹೋಗು, ನಿನ್ ಲಕ್ಷ್ಮಿನ್ನ ಕರ್ಕೊಂಡ್ ಬಾ, ಹಚ್ಚಲಿ."

ಕೈಗವಸನ್ನು ಶಾಂತಾಳ ಎದೆಗೆ ಎಸೆದು ಹೋದಳು. ಅದನ್ನು ಕೇಳಿಸಿಕೊಂಡ ಉಳಿದ ಮೂವರು ಹೋಗುವಾಗ ನೀಲಿ ಡ್ರಮ್ಮನ್ನು ಬೆಲ್ಟಿನ ಮೇಲೆ ಬೋರಲು ಹಾಕಿ ಹೋದರು. ಯಾರೂ ತಡೆಯಲಿಲ್ಲ.

ಶಾಂತಾ ಎರಡು ದಿನ ಪರದೆಯ ಮುಂದೆ ಕುಳಿತಳು. ಗಣಪತಿ, ಅಂಬಾಜಿ, ಲಕ್ಷ್ಮಿ. ಪ್ರತಿ ಮುಖಕ್ಕೂ ತಪ್ಪಾಯಿತು ಎಂದು ಹೇಳಿ 'ಉರಿಸಲು' ಒತ್ತಿದಳು. ಮುಗಿದ ಕೂಡಲೇ ಎದ್ದು ಹೋಗಿ ಕೇಳಿದಳು, "ಇಂದಿರಾಳನ್ನು ಯಾವಾಗ ಕರೀತಿ?"

ವಿನಯ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆ ಜಾಗವೇ ಈಗ ಇಲ್ಲ ಆಂಟಿ. ನೀವು ಎಷ್ಟು ಚಂದ ಕಲಿಸಿದ್ದೀರಿ ಅಂದ್ರೆ, ಮಶೀನೇ ಗಾಳಿ ಊದಿ ಪೊಟ್ಟಣ ತೆಗೀತದೆ. ನಿಮ್ದೂ ಇಲ್ಲಿ ಮುಗೀತು. ಬಟ್ ಟೆನ್ಷನ್ ಬೇಡ. ವಡೋದರಾದಲ್ಲಿ ಹೊಸ ಪ್ಲಾಂಟ್, ಇದೇ ಕುರ್ಚಿ ಕೆಲ್ಸ. ಅಲ್ಲೇ ಫತೇಗಂಜ್‌ನಲ್ಲಿ ರೂಮು ನಾನೇ ಮಾಡಿಸ್ತೇನೆ. ಶಾಂತಕ್ಕನಿಗೆ ಏನಾದ್ರೂ ಮಾಡು ಅಂತ ಅಪ್ಪನೂ ಹೇಳಿದ್ದಾರೆ."

"ಅಲ್ಲಿ ಬೆಲ್ಟಿನ ಹತ್ರ ಹೆಂಗಸರು ಇದ್ದಾರಾ?"

"ಇದ್ದಾರೆ, ಈಗ ಇಪ್ಪತ್ತು ಜನ."

"ಹಾಗಾದ್ರೆ ಬೇಡ ಮಗಾ," ಎಂದಳು ಶಾಂತಾ. "ಅವರ ಮೇಲೆ ನನ್ನನ್ನು ಬಿಡ್ಬೇಡ."